ಅಳುವಿಗೊಂದು ಬಿರಡೆ

ಮಾಂಧಾತ ಚಕ್ರವರ್ತಿಯ ಹುಟ್ಟಿನ ಕಥೆಯನ್ನು ನೀವು ಕೇಳಿರಬಹುದು. ಮಕ್ಕಳಿಲ್ಲದ ಯುವನಾಶ್ವನೆಂಬ ಅರಸನಿಗಾಗಿ ಋಷಿಗಳು ಇಷ್ಟಿಯೊಂದನ್ನು ಮಾಡಿ, ರಾಣಿ ಕುಡಿಯಲೆಂದು ಮಂತ್ರಿಸಿದ ನೀರನ್ನು ಕಲಶದಲ್ಲಿ ತುಂಬಿಟ್ಟಿದ್ದರು. ನಡುರಾತ್ರಿ ಬಾಯಾರಿದ ಅರಸು ಅರಿಯದೆ ಅದನ್ನು ತಾನೇ ಕುಡಿದುಬಿಟ್ಟ. ಪರಿಣಾಮವಾಗಿ ಮಗು ತಾಯಿಯ ಬಸಿರಿನಿಂದ ಬರದೆ ತಂದೆಯ ಪಕ್ಕೆಯನ್ನು ಸೀಳಿಕೊಂಡು ಬಂದಿತು. ಬಂದುದೇನೋ ಸರಿ, ಅದಕ್ಕೆ ಹಾಲೂಡುವವರು ಯಾರು? ಆಗ ಇಂದ್ರನು ತನ್ನ ತೋರುಬೆರಳನ್ನು ಮಗುವಿನ ಬಾಯಲ್ಲಿಟ್ಟು, ಇದು ನನ್ನನ್ನೇ ಉಣ್ಣಲಿ ಎಂದನಂತೆ. ಆ ಮಾತಿನಿಂದಲೇ ಮಾಂಧಾತ ಎಂಬ ಹೆಸರು ಬಂದಿತೆಂದು ಮಹಾಭಾರತದ ವನಪರ್ವದಲ್ಲಿದೆ. ಆ ಬೆರಳನ್ನು ಚೀಪಿಯೇ ಮಗು ಬೆಳೆದು ದೊಡ್ಡದಾಯಿತು.

ಅದು ದೇವೇಂದ್ರನ ಬೆರಳು. ಚೀಪಿದರೆ ಹೊಟ್ಟೆ ತುಂಬುತ್ತಿತ್ತು. ಇಂದು ಔಷಧದ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಬಿಲ್ಲೆ, ಹಿಂದೊಂದು ಉಂಗುರ, ಮುಂದೊಂದು ಮೆತ್ತನೆಯ ತೊಟ್ಟು ಇಟ್ಟುಕೊಂಡು ಕುಳಿತಿರುವ ವಸ್ತುವಿಗೆ ಆ ಮಹಿಮೆ ಇಲ್ಲ. ಎಷ್ಟು ಚೀಪಿದರೂ ಅದರಿಂದ ಏನೂ ಬರುವುದಿಲ್ಲ. ಹಾಗಿದ್ದೂ ಲೋಕದಲ್ಲಿ ಲಕ್ಷಾಂತರ ಕೂಸುಗಳ ಬಾಯಲ್ಲಿ ಅದು ಇದೆ. ಅದನ್ನು ಕುರಿತು ತಾಯಂದಿರು ಏನೆಂದುಕೊಂಡಿದ್ದಾರೆ, ಯಾವಾಗ ಕೊಡುತ್ತಾರೆ, ಏಕೆ ಕೊಡುತ್ತಾರೆ ಎಂಬುದೇ ಇಂದಿನ ಮಾತು.

ಕನ್ನಡ ಮೇಷ್ಟ್ರಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ನೀವು ಕೇಳಬಹುದು. ವೈದ್ಯದಲ್ಲಿ ನನಗೆ ಅಧಿಕಾರವಿಲ್ಲ. ಮಾತಿನಲ್ಲಿ ಸ್ವಲ್ಪ ಉಂಟು. ಕೂಸಿನ ಬಾಯಿಯ ಕೆಲಸಕ್ಕೆ ನಮ್ಮ ಭಾಷೆ ಮೂರು ಕ್ರಿಯಾಪದಗಳನ್ನು ಇಟ್ಟುಕೊಂಡಿದೆ. ಕೂಸು ಮೊಲೆಯನ್ನು ಉಣ್ಣುತ್ತದೆ, ಹಾಲನ್ನು ಹೀರುತ್ತದೆ, ಬೆರಳನ್ನು ಚೀಪುತ್ತದೆ. ಮಗು ಬೆರಳನ್ನು ಉಂಡಿತು ಎಂದು ಯಾರೂ ಹೇಳುವುದಿಲ್ಲ. ಮಾವಿನ ಹಣ್ಣನ್ನು ತಿಂದ ಮೇಲೆ ವಾಟೆಯನ್ನು ಚೀಪುತ್ತೇವೆ. ಹೊಟ್ಟೆಗಾಗಿ ಅಲ್ಲ, ಬಾಯಿಗೆ ಹಿತವೆಂದು. ನಮ್ಮ ಹೆಂಗಸರು ಎಂದೋ ಮಾಡಿಟ್ಟ ಈ ವಿಂಗಡಣೆಯನ್ನು ವೈದ್ಯಶಾಸ್ತ್ರ ಇಪ್ಪತ್ತನೆಯ ಶತಮಾನದಲ್ಲಿ ಅಳತೆ ಹಿಡಿದು ಸ್ಥಿರಪಡಿಸಿತು. ಹಾಲು ಬರುತ್ತಿರುವಾಗ ಕೂಸು ಸೆಕೆಂಡಿಗೆ ಹೆಚ್ಚುಕಡಮೆ ಒಂದು ಸಲ ಎಳೆದು ನುಂಗುತ್ತದೆ. ಬರಿದೆ ಚೀಪುವಾಗ ಸೆಕೆಂಡಿಗೆ ಸುಮಾರು ಎರಡು ಸಲ, ಅದೂ ತಡೆತಡೆದು. ಕಿವಿಗೊಟ್ಟು ಕೇಳಿದರೆ ಈ ವ್ಯತ್ಯಾಸ ಯಾರಿಗೂ ತಿಳಿಯುತ್ತದೆ. ಉಣ್ಣುವ ಕೂಸಿನ ಗಂಟಲಲ್ಲಿ ನುಂಗುವ ಸದ್ದಿರುತ್ತದೆ. ಚೀಪುವ ಕೂಸಿನ ಬಾಯಲ್ಲಿ ಬರಿಯ ಚುಚುಚು.

ಈ ವಸ್ತುವಿನ ಹೆಸರುಗಳೂ ವಿಚಾರ ಮಾಡತಕ್ಕವೇ. ಅಮೆರಿಕದವರು ಅದನ್ನು ಪ್ಯಾಸಿಫೈಯರ್ ಎನ್ನುತ್ತಾರೆ, ಎಂದರೆ ಶಾಂತಗೊಳಿಸುವುದು. ಇಂಗ್ಲಿಷರು ಡಮ್ಮಿ ಎನ್ನುತ್ತಾರೆ, ಎಂದರೆ ನಿಜದ ಜಾಗದಲ್ಲಿ ಕೂಡಿಸಿದ ಸೋಗಿನ ವಸ್ತು. ಒಬ್ಬರು ಅದು ಮಾಡುವ ಉಪಕಾರವನ್ನು ಕಂಡರು, ಇನ್ನೊಬ್ಬರು ಅದರ ವೇಷವನ್ನು ಕಂಡರು. ನಮ್ಮ ಮನೆಗಳಲ್ಲಿ ಬಾಟಲಿಯ ಮೇಲಿನದಕ್ಕೂ ನಿಪ್ಪಲ್, ಬರಿದೆ ಬಾಯಿಗಿಡುವುದಕ್ಕೂ ನಿಪ್ಪಲ್. ಹೊಸ ಪದವೊಂದನ್ನು ಹೊಸೆದು ನಿಮ್ಮ ಮೇಲೆ ಹೇರುವ ಚಾಪಲ್ಯ ನನಗಿಲ್ಲ. ನಾನೂ ನಿಪ್ಪಲ್ ಎಂದೇ ಕರೆಯುತ್ತೇನೆ. ಆದರೆ ಹಾಲು ಬರುವುದಕ್ಕೂ ಬಾರದುದಕ್ಕೂ ಒಂದೇ ಹೆಸರಿರುವುದು ಅಷ್ಟು ಕ್ಷೇಮವಲ್ಲವೆಂದು ಮುಂದೆ ನಿಮಗೇ ತೋರೀತು.

ಅಳುವ ಕೂಸಿನ ಬಾಯಿಗೆ ಏನನ್ನಾದರೂ ಇಡುವ ವಿದ್ಯೆ ಬಹು ಹಳೆಯದು. ಐರೋಪ್ಯರಲ್ಲಿ ಬಟ್ಟೆಯ ತುಂಡಿನಲ್ಲಿ ಸಕ್ಕರೆಯನ್ನೋ ರೊಟ್ಟಿಯ ಚೂರನ್ನೋ ಕಟ್ಟಿ ಚೀಪಲು ಕೊಡುತ್ತಿದ್ದರು. ಜರ್ಮನಿಯ ಪ್ರಸಿದ್ಧ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ಬರೆದ ಮೇರಿಯ ಚಿತ್ರವೊಂದರಲ್ಲಿ ಬಾಲಯೇಸುವಿನ ಕೈಯಲ್ಲಿ ಇಂಥದೊಂದು ಬಟ್ಟೆಯ ಗಂಟನ್ನು ಕಾಣಬಹುದು. ಸಿರಿವಂತರು ಬೆಳ್ಳಿಯ ಹಿಡಿ ಹಾಕಿಸಿದ ಹವಳದ ತುಂಡನ್ನು ಕೊಡುತ್ತಿದ್ದರು. ನಮ್ಮಲ್ಲಿ ಕೂಸಿನ ಕೈಗೆ ಬಜೆಯ ತುಂಡುಗಳನ್ನು ಪೋಣಿಸಿ ಕಟ್ಟುವ ವಾಡಿಕೆಯಿದೆ. ದೃಷ್ಟಿಗೆಂದು ಕಟ್ಟಿದುದು ಕೊನೆಗೆ ಕೂಸಿನ ಬಾಯಿಗೇ ಹೋಗುತ್ತದೆ. ಇಂದಿನ ರೂಪದ ರಬ್ಬರಿನ ನಿಪ್ಪಲ್ ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಮೊದಲಾಗುವ ಸಂಧಿಯಲ್ಲಿ ಬಂತು. ಬಂದೊಡನೆ ಬೈಗುಳವೂ ಬಂತು. ನ್ಯೂಜಿಲೆಂಡಿನಲ್ಲಿ 1907ರಲ್ಲಿ ಶಿಶುಪಾಲನೆಯ ಸಂಘವೊಂದನ್ನು ಕಟ್ಟಿದ ಡಾಕ್ಟರ್ ಟ್ರೂಬಿ ಕಿಂಗ್ ಅದರ ಕಡುವೈರಿ. ಅದನ್ನು ಕೊಡುವ ತಾಯಿ ಸೋಮಾರಿ ಎಂಬ ಅಪವಾದ ಆ ಕಾಲದ್ದು. ಇಂದಿಗೂ ಅದು ಪೂರ್ತಿ ಹೋಗಿಲ್ಲ.

ಆದರೆ ಕೂಸನ್ನು ಸುಮ್ಮನಿರಿಸಬೇಕಾದ ಕಷ್ಟ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಬಯ್ಯುವವರು ನೋಡುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಹಸುಗೂಸುಗಳಿಗೆ ಬಾಲಾಗೋಳಿ ಎಂಬ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅದು ಅಂದಿನ ಸರಕಾರದ ಕಡತಗಳಲ್ಲಿಯೇ ದಾಖಲಾಗಿದೆ. ಅವರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆ? ಇತ್ತು. ಹಾಜರಿಗೆ ತಪ್ಪಿದರೆ ಅಂದಿನ ಕೂಲಿ ಇರಲಿಲ್ಲ. ಅಫೀಮಿನ ಪಕ್ಕದಲ್ಲಿಟ್ಟು ನೋಡಿದರೆ ಈ ನಿಪ್ಪಲ್ ಪರಮ ಸಾಧು ಎನ್ನಬೇಕು.

ಇನ್ನೊಂದು ಮಾತನ್ನೂ ಅದರ ಪರವಾಗಿ ಹೇಳಿಬಿಡುತ್ತೇನೆ. ಚೀಪುವುದು ಕೂಸು ಕಲಿತ ಕೆಟ್ಟ ಚಾಳಿಯಲ್ಲ, ಹುಟ್ಟುವಾಗಲೇ ತಂದದ್ದು. ಬಸಿರಿನೊಳಗೆ ಭ್ರೂಣವು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಿರುವುದನ್ನು ಇಂದು ಸ್ಕ್ಯಾನ್ ಮಾಡುವ ಯಂತ್ರದಲ್ಲಿ ಕಾಣಬಹುದು. ಪ್ರಳಯಜಲದಲ್ಲಿ ಆಲದೆಲೆಯ ಮೇಲೆ ಮಲಗಿದ ಬಾಲಮುಕುಂದನನ್ನು ಬರೆಯುವ ನಮ್ಮ ಚಿತ್ರಗಾರರು ಕಾಲಿನ ಹೆಬ್ಬೆರಳನ್ನು ಅವನ ಬಾಯಿಗೆ ಕೊಟ್ಟಿದ್ದಾರಷ್ಟೆ. ಕೂಸು ಎಂದರೆ ಚೀಪುವುದು ಎಂದು ಅವರಿಗೂ ಗೊತ್ತಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿ, ಮೂಗಿನ ನಳಿಗೆಯಲ್ಲಿ ಹಾಲು ಪಡೆಯುವ ಕೂಸುಗಳಿಗೆ ಆಸ್ಪತ್ರೆಯಲ್ಲಿ ಬೇಕೆಂದೇ ಚೀಪಲು ಕೊಡುತ್ತಾರೆ. ಆ ಕೂಸುಗಳು ಬಾಯಿಂದ ಉಣ್ಣಲು ಬೇಗ ಕಲಿತು ಬೇಗ ಮನೆಗೆ ಹೋಗುತ್ತವೆಂದು ಪ್ರಯೋಗಗಳಿಂದ ಕಂಡಿದೆ. ಸೂಜಿ ಚುಚ್ಚುವಾಗ ಚೀಪುತ್ತಿದ್ದರೆ ನೋವು ಕಡಮೆ ಎಂಬುದೂ ನಿಜ.

ಇಷ್ಟಾದ ಮೇಲೆ ತಾಯಂದಿರ ನಂಬಿಕೆಗಳಿಗೆ ಬರೋಣ. ನಮ್ಮ ಬೀದಿಯಲ್ಲಿ, ಬಂಧುಗಳ ಮನೆಗಳಲ್ಲಿ, ನಾಮಕರಣದ ಪಂಕ್ತಿಗಳಲ್ಲಿ ನನ್ನ ಕಿವಿಗೆ ಬಿದ್ದವು ಹಲವು. ಎಲ್ಲಕ್ಕಿಂತ ಮೊದಲನೆಯದೂ ದೊಡ್ಡದೂ ನಿಪ್ಪಲನ್ನು ಕುರಿತದ್ದೇ ಅಲ್ಲ, ಹಾಲನ್ನು ಕುರಿತದ್ದು. “ಈಗ ತಾನೆ ಕುಡಿಸಿದೆ, ಆಗಲೇ ಅಳುತ್ತದೆ, ನನ್ನ ಹಾಲು ಸಾಲದು.” ಈ ಮಾತನ್ನು ಮೊದಲು ತಾಯಿ ತನ್ನ ಮನಸ್ಸಿನಲ್ಲಿ ಅಂದುಕೊಳ್ಳುತ್ತಾಳೆ. ಆಮೇಲೆ ನೋಡಲು ಬಂದ ಅತ್ತಿಗೆಯೋ ಪಕ್ಕದ ಮನೆಯಾಕೆಯೋ ಬಾಯಿಬಿಟ್ಟು ಹೇಳುತ್ತಾರೆ. ಅದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ: ಗಳಿಗೆಗೊಮ್ಮೆ ಕುಡಿಸಿದರೆ ಹಾಲು ಊರಲು ಹೊತ್ತೆಲ್ಲಿ, ಎರಡು ಗಂಟೆ ಬಿಟ್ಟು ಕುಡಿಸು, ಅಲ್ಲಿಯವರೆಗೆ ನಿಪ್ಪಲ್ ಇಡು.

ಕೆಳಗಿನ ಮನೆಯವರು ನೀರು ಹಿಡಿದುಬಿಟ್ಟರೆ ಮೇಲಿನವರಿಗೆ ತೊಟ್ಟಿ ತುಂಬುವವರೆಗೆ ಕಾಯಬೇಕಷ್ಟೆ. ಮೊಲೆಹಾಲನ್ನೂ ಹಾಗೆಯೇ ತೊಟ್ಟಿಯ ನೀರೆಂದು ತಿಳಿದು ಆಡುವ ಮಾತಿದು. ಮೊಲೆಹಾಲು ತೊಟ್ಟಿಯ ನೀರಲ್ಲ, ಒರತೆ. ತೋಡಿದಷ್ಟೂ ಊರುತ್ತದೆ. ಕೂಸು ಎಳೆದಾಗ ತಾಯಿಯ ಮಿದುಳಿನಿಂದ ಹಾಲನ್ನು ಉಂಟುಮಾಡುವ ರಸವೊಂದೂ, ಹಾಲನ್ನು ಕೆಳಗಿಳಿಸುವ ರಸವೊಂದೂ ರಕ್ತಕ್ಕೆ ಇಳಿಯುತ್ತವೆ. ಕೂಸು ಎಳೆಯದೆ ಹಾಲು ಒಳಗೇ ನಿಂತರೆ, ಆ ನಿಂತ ಹಾಲೇ ಮುಂದಿನ ಹಾಲಿಗೆ ಸಾಕು ಎಂಬ ಸೂಚನೆ ಕೊಡುತ್ತದೆ. ಹೊಸದಾಗಿ ಹುಟ್ಟಿದ ಕೂಸು ದಿನರಾತ್ರಿ ಸೇರಿ 8ರಿಂದ 12 ಸಲ ಉಣ್ಣುವುದು ಸಹಜವಾದ ಲೆಕ್ಕ. ನಾಲ್ಕಾರು ವಾರಗಳ ಕಾಲ ಹೀಗೆ ಪದೇ ಪದೇ ಉಂಡೇ ಅದು ತನಗೆ ಬೇಕಾದ ಹಾಲನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಆ ವಾರಗಳಲ್ಲಿ ಹಸಿವಿನ ಬಾಯಿಗೆ ನಿಪ್ಪಲ್ ಇಟ್ಟರೆ, ಕೇಳುವ ಬಾಯಿಗೆ ಬಿರಡೆ ಹಾಕಿದಂತೆ. ಕೂಸು ಕೇಳಲಿಲ್ಲ, ಆದ್ದರಿಂದ ಹಾಲು ಊರಲಿಲ್ಲ. ಹಾಲು ಸಾಲದೆಂದು ನಂಬಿ ಮಾಡಿದ ಉಪಾಯವೇ ಹಾಲನ್ನು ಸಾಲದಂತೆ ಮಾಡುತ್ತದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಚೊಚ್ಚಲ ಗಂಡುಮಗುವನ್ನು ಎತ್ತಿಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದಳು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗಿ, ಬಾಣಂತನಕ್ಕೆ ತವರಿರಲಿಲ್ಲ. ಬೆಂಗಳೂರಿನಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ. ಅತ್ತೆ ಬಂದು ಹದಿನೈದು ದಿವಸ ಇದ್ದು ಹೊಲಮನೆಯ ಕೆಲಸವೆಂದು ಊರಿಗೆ ಹೋಗಿದ್ದರು. ಮಗುವಿಗೆ ಒಂದೂವರೆ ತಿಂಗಳು. “ಮೇಷ್ಟ್ರೇ, ಇವನು ಅಳುವುದೇ ಇಲ್ಲ. ಎಲ್ಲರೂ ಸಾಧು ಮಗು ಅಂತಾರೆ” ಎಂದು ಹೇಳಿದಳು. ನಿಜವಾಗಿಯೂ ಅಷ್ಟು ಸಾಧುವಾದ ಕೂಸನ್ನು ನಾನು ಕಂಡಿರಲಿಲ್ಲ. ಬಾಯಲ್ಲಿ ನೀಲಿ ಬಣ್ಣದ ನಿಪ್ಪಲ್. ಕಣ್ಣು ಅರೆ ಮುಚ್ಚಿತ್ತು.

ನಮ್ಮ ಮನೆಯವರು ಕೂಸನ್ನು ಮಡಿಲಿಗೆ ತೆಗೆದುಕೊಂಡು ತೊಡೆಯನ್ನು ಮುಟ್ಟಿ ನೋಡಿದರು. “ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತಾನಮ್ಮ?” ಎಂದರು.

“ಡೈಪರ್ ಹಾಕುತ್ತೇನಲ್ಲ ಅಮ್ಮ, ಎಣಿಸಿಲ್ಲ.”

“ರಾತ್ರಿ?”

“ಒಂದು ಸಲ ಏಳುತ್ತಾನೆ. ನಿಪ್ಪಲ್ ಇಟ್ಟರೆ ಬೆಳಗಿನವರೆಗೆ ತೊಂದರೆಯೇ ಇಲ್ಲ. ಮೊದಲು ತುಂಬ ಅಳುತ್ತಿದ್ದ. ಕೆಳಗಿನ ಮನೆಯವರು ಬಂದು, ನಮಗೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು ಅಂದರು. ಇವರೂ ರಾತ್ರಿ ಪಾಳಿ ಮಾಡಿ ಬಂದು ಹಗಲು ಮಲಗುವವರು. ಏನು ಮಾಡಲಮ್ಮ?”

ನಮ್ಮ ಮನೆಯವರು ನಿಪ್ಪಲನ್ನು ಮೆಲ್ಲಗೆ ತೆಗೆದರು. ಕೂಸು ತಲೆಯನ್ನು ಅತ್ತ ಇತ್ತ ತಿರುಗಿಸಿ ಸೀರೆಯ ಸೆರಗನ್ನೇ ಬಾಯಿಗೆ ಹುಡುಕತೊಡಗಿತು. “ನೋಡು, ಕೇಳುತ್ತಿದ್ದಾನೆ” ಎಂದರು. ಅಷ್ಟೇ. ಬಯ್ಯಲಿಲ್ಲ. ಮರುದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ತೂಗಿಸಿದಾಗ ಒಂದೂವರೆ ತಿಂಗಳ ಕೂಸಿಗೆ ಇರಬೇಕಾದ ತೂಕ ಅದಕ್ಕಿರಲಿಲ್ಲ. ಬೇರೆ ಕಾಯಿಲೆಯೇನೂ ಕಾಣಲಿಲ್ಲ. ಕೆಲವು ದಿನ ನಿಪ್ಪಲನ್ನು ಬೀರುವಿನಲ್ಲಿಟ್ಟು, ರಾತ್ರಿಯೂ ಸೇರಿ ಕೇಳಿದಾಗಲೆಲ್ಲ ಕುಡಿಸಬೇಕು, ವಾರಕ್ಕೊಮ್ಮೆ ತೂಗಿಸಬೇಕು ಎಂದರು ವೈದ್ಯರು. ಕೆಳಗಿನ ಮನೆಯವರಿಗೆ ಅಳು ಕೇಳಿಸಿತು. ಗಂಡ ಪಾಳಿ ಬದಲಿಸಿಕೊಂಡ. ತಿಂಗಳೊಂದು ಕಳೆಯುವುದರಲ್ಲಿ ಕೂಸಿನ ತೊಡೆಯಲ್ಲಿ ಮಡಿಕೆ ಬಿತ್ತು.

ಈ ಒಂದು ಕೂಸಿನಿಂದ ನಿಪ್ಪಲೇ ಅಪರಾಧಿ ಎಂದು ತೀರ್ಪು ಕೊಟ್ಟುಬಿಟ್ಟರೆ ಅದು ನ್ಯಾಯವಾಗಲಾರದು. ದಕ್ಷಿಣ ಬ್ರೆಜಿಲಿನ ಪೆಲೋಟಸ್ ಎಂಬ ಪಟ್ಟಣದಲ್ಲಿ ಸೀಸರ್ ವಿಕ್ಟೋರ ಮತ್ತು ಅವರ ಸಂಗಡಿಗರು ತಾಯಂದಿರ ಮನೆಗಳಿಗೇ ಹೋಗಿ, ಅವರ ಮಾತನ್ನು ಕೇಳಿ, ನಡೆಯನ್ನು ನೋಡಿ, 1997ರಲ್ಲಿ ತಾವು ಕಂಡುದನ್ನು ಪ್ರಕಟಿಸಿದರು. ಆ ಊರಿನಲ್ಲಿ ನಿಪ್ಪಲ್ ಮಗುವಿಗೆ ಒಳ್ಳೆಯದೆಂಬುದೇ ತಾಯಂದಿರ ಸಾಮಾನ್ಯ ನಂಬಿಕೆ. ಕೂಸು ಉಗುಳಿದರೂ ಬಿಡದೆ ಮತ್ತೆ ಮತ್ತೆ ಇಟ್ಟು ಒಗ್ಗಿಸುವವರು ಅನೇಕರು. ಕುಡಿಸುವ ಸಲಗಳ ನಡುವೆ ಅಂತರ ಹೆಚ್ಚಿಸಲು ಅದನ್ನು ಬಳಸುವವರೂ ಇದ್ದರು. ಹೆಚ್ಚು ಚೀಪಿದ ಕೂಸುಗಳು ಮೊಲೆಯನ್ನು ಬೇಗ ಬಿಟ್ಟವೆಂಬುದು ಕಂಡುಬಂತು. ಆದರೆ ಅದು ಎಲ್ಲ ತಾಯಂದಿರಲ್ಲೂ ಒಂದೇ ಸಮನಾಗಿರಲಿಲ್ಲ. ತನ್ನ ಹಾಲಿನ ಮೇಲೆ ತನಗೇ ಭರವಸೆ ಇದ್ದ ತಾಯಿಗೆ ನಿಪ್ಪಲಿನಿಂದ ಅಷ್ಟಾಗಿ ಏನೂ ಆಗಲಿಲ್ಲ. ಮೊದಲೇ ಅಳುಕುತ್ತಿದ್ದವಳಿಗೆ ಅದು ಕೊನೆಯ ನೂಕು ಕೊಟ್ಟಿತು.

ನಾಲ್ಕು ವರ್ಷಗಳ ಮೇಲೆ, 2001ರಲ್ಲಿ, ಕೆನಡದ ಮಾಂಟ್ರಿಯಲಿನಿಂದ ಇನ್ನೊಂದು ಸಾಕ್ಷ್ಯ ಬಂತು. ಅಲ್ಲಿ 281 ಬಾಣಂತಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ನಿಪ್ಪಲ್ ಕೊಡಬೇಡಿ, ಅಳುವನ್ನು ಬೇರೆ ಬಗೆಯಲ್ಲಿ ಸಂತೈಸಿ ಎಂದು ತಿಳಿಹೇಳಿದರು. ಆ ಪಾಲಿನಲ್ಲಿ ನಿಪ್ಪಲಿನ ಬಳಕೆ ಕಡಮೆಯಾಯಿತು. ಆದರೆ ಮೂರು ತಿಂಗಳೊಳಗೆ ಮೊಲೆ ಬಿಟ್ಟ ಕೂಸುಗಳ ಲೆಕ್ಕದಲ್ಲಿ ಎರಡು ಪಾಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹಾಗಾದರೆ ಆ ನಿಪ್ಪಲ್ ಏನು? ಕುಡಿಸುವುದರಲ್ಲಿ ಏನೋ ತೊಡಕಾಗಿದೆ, ಅಥವಾ ಬಿಡಿಸುವ ಮನಸ್ಸು ಬಂದಿದೆ ಎಂಬುದರ ಗುರುತು ಎಂದು ಅವರು ಹೇಳಿದರು. ನನಗೆ ಈ ಮಾತು ಬಹಳ ಹಿಡಿಸಿತು. ಬಾಣಂತಿಯ ಕೋಣೆಯಲ್ಲಿ ನಿಪ್ಪಲ್ ಕಂಡರೆ ಅದನ್ನು ಕಿತ್ತೆಸೆಯುವುದಕ್ಕೆ ಮೊದಲು, ಏನಮ್ಮ ಕಷ್ಟ ಎಂದು ಕೇಳಬೇಕು. ಮೊಲೆತೊಟ್ಟು ಒಡೆದಿದೆಯೊ, ಕೂಸಿಗೆ ಬಾಯಿ ತುಂಬ ಹಿಡಿಯಲು ಬಾರದೊ, ಮೂರು ರಾತ್ರಿಯಿಂದ ನಿದ್ದೆಯಿಲ್ಲವೊ, ಯಾರು ಏನಂದರೊ.

ಎರಡನೆಯ ನಂಬಿಕೆ ತಮಾಷೆಯಾಗಿದೆ. “ನಿಪ್ಪಲ್ ಕೊಟ್ಟ ಮೇಲೆ ಅಳು ಕಡಮೆಯಾಯಿತು ನೋಡಿ” ಎಂದು ಸಾಕ್ಷಿ ಹೇಳುವವರು ಬಹಳ ಮಂದಿ. ಅಮೆರಿಕದ ಬ್ರೇಜಲ್ಟನ್ ಎಂಬ ಮಕ್ಕಳ ವೈದ್ಯರು ತಾಯಂದಿರಿಂದ ಕೂಸುಗಳ ಅಳುವಿನ ದಿನಚರಿಯನ್ನು ಬರೆಯಿಸಿ 1962ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿರುವ ಕೂಸಿನ ಅಳು ಹುಟ್ಟಿದಾರಭ್ಯ ಏರುತ್ತಾ ಹೋಗಿ, ಆರನೆಯ ವಾರದಲ್ಲಿ ದಿನಕ್ಕೆ ಎರಡು ಮುಕ್ಕಾಲು ಗಂಟೆಯಷ್ಟಾಗಿ, ಆಮೇಲೆ ತಾನಾಗಿ ಇಳಿಯುತ್ತದೆ ಎಂದು ಅದರಿಂದ ಕಂಡಿತು. ತಾಯಿ ತಡೆಯಲಾರದೆ ನಿಪ್ಪಲ್ ತರಿಸುವುದು ಯಾವಾಗ? ಅಳು ತುದಿಗೇರಿದ ಆರನೆಯ ವಾರದ ಆಸುಪಾಸಿನಲ್ಲೇ. ಆಮೇಲೆ ಅಳು ಇಳಿಯುವುದು ಹೇಗೂ ಇತ್ತು. ಕೀರ್ತಿ ಮಾತ್ರ ನಿಪ್ಪಲಿಗೆ ಬಂತು. ಅದೇ ವಾರದಲ್ಲಿ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟ ಮನೆಯಲ್ಲಿ ಮೆಣಸಿನಕಾಯಿಗೆ ಬರುತ್ತದೆ. ಗ್ರೈಪ್ ವಾಟರ್ ಕುಡಿಸಿದ ಮನೆಯಲ್ಲಿ ಸೀಸೆಗೆ ಬರುತ್ತದೆ.

ಮಾಂಟ್ರಿಯಲಿನಲ್ಲಿಯೇ 1986ರಲ್ಲಿ ಇನ್ನೊಂದು ಪ್ರಯೋಗವಾಯಿತು. ಅಳಲಿ ಬಿಡಲಿ, ಕೂಸನ್ನು ದಿನಕ್ಕೆ ಇನ್ನೂ ಕೆಲವು ಗಂಟೆ ಹೆಚ್ಚಾಗಿ ಎತ್ತಿಕೊಂಡಿರಿ ಎಂದು ಕೆಲವು ತಂದೆತಾಯಿಗಳಿಗೆ ಹೇಳಿದರು. ಅಳು ತುದಿಗೇರುವ ಆ ಆರನೆಯ ವಾರದಲ್ಲಿ, ಹಾಗೆ ಎತ್ತಿಕೊಂಡ ಮನೆಗಳ ಕೂಸುಗಳು ಉಳಿದವಕ್ಕಿಂತ ನೂರಕ್ಕೆ 43ರಷ್ಟು ಕಡಮೆ ಅತ್ತವು. ಎತ್ತಿಕೊಂಡರೆ ಮಗು ಕೈಮುದ್ದು ಕಲಿಯುತ್ತದೆ, ಕೆಳಗಿಡಲು ಬಿಡುವುದಿಲ್ಲ ಎಂಬುದು ನಮ್ಮಲ್ಲಿ ರೂಢಿಯಾದ ಎಚ್ಚರಿಕೆ. ಎರಡು ತಿಂಗಳ ಕೂಸಿಗೆ ಈ ಮಾತು ತಗಲುವುದಿಲ್ಲ. ಎತ್ತಿಕೊಳ್ಳುವ ಕೈ ತಾಯಿಯದೇ ಆಗಬೇಕೆಂಬ ನಿಯಮವೂ ಇಲ್ಲ. ಒಳಗಿನ ಕೋಣೆಯಲ್ಲಿ ಕೂಸು ಅತ್ತರೆ ರೇಡಿಯೋದ ದನಿಯನ್ನು ಏರಿಸಿಕೊಂಡು ವಾರ್ತೆ ಕೇಳುವ ಗಂಡಸರನ್ನು ನಾನು ಬಲ್ಲೆ. ವಾರ್ತೆಯನ್ನು ಕೂಸು ಹೆಗಲ ಮೇಲಿರುವಾಗಲೂ ಕೇಳಬಹುದು.

ಉಳಿದ ನಂಬಿಕೆಗಳಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಹಲ್ಲು ಉಬ್ಬುತ್ತದೆ ಎಂಬುದು ನಿಜ, ಆದರೆ ಅದು ವರ್ಷಗಟ್ಟಲೆ ಚೀಪಿದವರ ಮಾತು. ಎರಡು ಮೂರು ವರ್ಷದೊಳಗೆ ಬಿಟ್ಟವರಿಗೆ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ. ನಿಪ್ಪಲ್ ಕೊಟ್ಟರೆ ಬೆರಳು ಚೀಪುವುದಿಲ್ಲ ಎಂಬುದರಲ್ಲಿಯೂ ಹುರುಳಿದೆ. ನಿಪ್ಪಲನ್ನು ಒಂದು ದಿನ ಎಸೆಯಬಹುದು, ಬೆರಳನ್ನು ಎಸೆಯಲಾಗದು ಎನ್ನುವ ತಾಯಿಯ ತರ್ಕವನ್ನು ಯಾವ ನೈಯಾಯಿಕನೂ ಮುರಿಯಲಾರ. ಕಿವಿಯ ಸಂಗತಿ ಮಾತ್ರ ತಾಯಂದಿರಿಗೆ ಅಷ್ಟಾಗಿ ಗೊತ್ತಿಲ್ಲ. ಸದಾ ಚೀಪುವ ಮಕ್ಕಳಿಗೆ ನಡುಗಿವಿಯ ಸೋಂಕು ಹೆಚ್ಚು. ಫಿನ್ಲೆಂಡಿನ ಔಲು ಪಟ್ಟಣದ ವೈದ್ಯರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಹೊತ್ತಿಗೆ ಮಾತ್ರ ಕೊಡಿ ಎಂದು ತಿಳಿಹೇಳಿದ ತಾಯಂದಿರ ಮಕ್ಕಳಲ್ಲಿ ಆ ಸೋಂಕು ನೂರಕ್ಕೆ 29ರಷ್ಟು ಕಡಮೆಯಾಯಿತು.

ನೆಲಕ್ಕೆ ಬಿದ್ದ ನಿಪ್ಪಲನ್ನು ತಾನು ಒಮ್ಮೆ ಚೀಪಿ ಮತ್ತೆ ಕೂಸಿನ ಬಾಯಿಗಿಡುವ ತಾಯಿಯನ್ನು ಕಂಡು ನೀವು ಮುಖ ಸಿಂಡರಿಸಿರಬಹುದು. ನಾನೂ ಸಿಂಡರಿಸಿದವನೇ. ಸ್ವೀಡನ್ನಿನಲ್ಲಿ 184 ಮಕ್ಕಳನ್ನು ನೋಡಿ 2013ರಲ್ಲಿ ಬರೆದವರು, ಹಾಗೆ ಮಾಡಿದ ಮನೆಗಳ ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಇಸುಬು ಮತ್ತು ಉಬ್ಬಸದ ಲಕ್ಷಣ ಕಡಮೆ ಕಂಡಿತೆಂದು ಹೇಳಿದ್ದಾರೆ! ಸಣ್ಣ ಸಂಖ್ಯೆ, ಇದನ್ನೇ ಹಿಡಿದು ಯಾರೂ ಹೊರಡಬಾರದು. ಹುಳುಕು ಹಲ್ಲಿನ ತಾಯಿಯಿಂದ ಹುಳುಕಿನ ಕ್ರಿಮಿಯೂ ಮಗುವಿಗೆ ಹೋಗಬಲ್ಲುದು. ಎಳೆಯ ಕೂಸಿನದಾದರೆ ಕುದಿಸಿದ ನೀರೇ ಲೇಸು.

ಇನ್ನು ಎರಡು ಅಭ್ಯಾಸಗಳಿವೆ. ಅವುಗಳ ವಿಷಯದಲ್ಲಿ ನಗೆಗೆ ಎಡೆಯಿಲ್ಲ. ಒಂದು, ನಿಪ್ಪಲನ್ನು ಜೇನಿನಲ್ಲೋ ಸಕ್ಕರೆಪಾಕದಲ್ಲೋ ಅದ್ದುವುದು. ಜಾತಕರ್ಮದಿಂದ ಮೊದಲುಗೊಂಡು ನಮ್ಮಲ್ಲಿ ಜೇನಿಗೆ ದೊಡ್ಡ ಗೌರವ. ಆದರೆ ಜೇನಿನಲ್ಲಿ ಕೆಲವೊಮ್ಮೆ ಇರುವ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜ ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮೊಳೆತು ನಂಜನ್ನುಂಟುಮಾಡಿ ಮೈಯ ಸ್ನಾಯುಗಳನ್ನೇ ಸೋಲಿಸಬಲ್ಲುದು. ವರ್ಷ ತುಂಬುವವರೆಗೆ ಜೇನು ಕೂಡದು. ಸಕ್ಕರೆಯಾದರೆ ಮೊಳೆಯುತ್ತಿರುವ ಹಲ್ಲನ್ನು ತಿನ್ನುತ್ತದೆ. ಇನ್ನೊಂದು, ನಿಪ್ಪಲ್ ಬಿದ್ದುಹೋಗದಿರಲೆಂದು ದಾರ ಪೋಣಿಸಿ ಕೂಸಿನ ಕೊರಳಿಗೆ ಕಟ್ಟುವುದು. ನಿದ್ದೆಯಲ್ಲಿ ಹೊರಳಿದಾಗ ಅದೇ ದಾರ ಕುಣಿಕೆಯಾಗುತ್ತದೆ. ಈ ಎರಡನ್ನು ಮಾತ್ರ ಯಾವ ಮನೆಯಲ್ಲಿ ಕಂಡರೂ ಸಂಕೋಚ ಬಿಟ್ಟು ಹೇಳಿಬಿಡಿ.

ಬಲ್ಲವರ ವಿಧಿಯೂ ಒಂದೇ ಕಡೆ ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕೂಡಿ 1989ರಲ್ಲಿ ಹೆರಿಗೆ ಆಸ್ಪತ್ರೆಗಳಿಗೆ ಹತ್ತು ಸೂತ್ರಗಳನ್ನು ಕೊಟ್ಟಾಗ, ಮೊಲೆಯುಣ್ಣುವ ಕೂಸಿಗೆ ನಿಪ್ಪಲ್ ಕೊಡಲೇಬಾರದು ಎಂಬುದು ಒಂಬತ್ತನೆಯ ಸೂತ್ರವಾಗಿತ್ತು. ಅದನ್ನು 2018ರಲ್ಲಿ ತಿದ್ದಿ, ಬಾಟಲಿ ಮತ್ತು ನಿಪ್ಪಲಿನ ಬಳಕೆಯನ್ನೂ ಅಪಾಯಗಳನ್ನೂ ತಾಯಿಗೆ ತಿಳಿಯಹೇಳಬೇಕು ಎಂದು ಮಾಡಿದರು. ಕೊಡಬಾರದು ಎಂಬ ವಿಧಿ ತಿಳಿಯಹೇಳಿ ಎಂದಾಯಿತು. ತಾಯಿಗೆ ವಿವೇಕವುಂಟೆಂದು ಒಪ್ಪಿದಂತಾಯಿತು. ಅಮೆರಿಕದ ಮಕ್ಕಳ ವೈದ್ಯರ ಸಂಘವಾದರೋ 2005ರಲ್ಲಿ ಇನ್ನೊಂದು ದಿಕ್ಕಿನಿಂದ ಮಾತಾಡಿತು. ನಿದ್ದೆಯಲ್ಲಿಯೇ ಕೂಸು ಕಾರಣ ತಿಳಿಯದೆ ಸಾಯುವ ದುರಂತವೊಂದುಂಟು. ಮಲಗುವಾಗ ನಿಪ್ಪಲ್ ಇದ್ದ ಕೂಸುಗಳಲ್ಲಿ ಅದು ಕಡಮೆಯೆಂದು ಕಂಡುದರಿಂದ, ಮಲಗಿಸುವಾಗ ಕೊಡಬಹುದು ಎಂದಿತು. ಆದರೆ ಮೊಲೆಯುಣ್ಣುವ ಕೂಸಿಗೆ ಉಣ್ಣುವುದು ನೆಲೆಗೊಂಡ ಮೇಲೆಯೇ. ಒಲ್ಲದಿದ್ದರೆ ಬಲವಂತ ಕೂಡದು. ನಿದ್ದೆಯಲ್ಲಿ ಬಿದ್ದರೆ ಮತ್ತೆ ಇಡಬೇಕಾಗಿಲ್ಲ.

ನಮ್ಮ ದೇಶದಲ್ಲಿ ಹಾಲಿನ ಪುಡಿ ಮತ್ತು ಹಾಲೂಡುವ ಬಾಟಲಿಗಳ ಜಾಹೀರಾತನ್ನು 1992ರ ಕಾಯಿದೆ ತಡೆದಿದೆ. ಇದರಿಂದ ಉಪಕಾರವಾಗಿದೆ. ಕೆಲಸಕ್ಕೆ ಹೋಗುವ ತಾಯಿಯ ಹೆರಿಗೆ ರಜೆ 2017ರ ತಿದ್ದುಪಡಿಯಿಂದ 12 ವಾರದಿಂದ 26 ವಾರಕ್ಕೆ ಏರಿತು. ಆರು ತಿಂಗಳು ಬರಿಯ ಮೊಲೆಹಾಲು ಎಂಬ ವೈದ್ಯರ ಮಾತಿಗೂ ಆ 26 ವಾರಕ್ಕೂ ಲೆಕ್ಕ ಸರಿಹೋಗುತ್ತದೆ. ಆದರೆ ಹೊಲದಲ್ಲಿ, ಮನೆಗೆಲಸದಲ್ಲಿ, ಬೀದಿ ವ್ಯಾಪಾರದಲ್ಲಿರುವ ತಾಯಿಗೆ ಯಾರು ರಜೆ ಕೊಟ್ಟಾರು? ಅವಳು ಕೂಸಿನ ಬಾಯಿಗೆ ಏನನ್ನೋ ಇಟ್ಟು ಕೆಲಸಕ್ಕೆ ಬಗ್ಗಿದರೆ, ಮೇಜಿನ ಮುಂದೆ ಕುಳಿತು ಬರೆಯುವ ನನ್ನಂಥವನು ಹೇಳುವುದೇನೂ ಇಲ್ಲ.

ಕೊಡುವುದಾದರೆ ನಾಲ್ಕಾರು ವಾರ ಕಳೆಯಲಿ, ಕೂಸಿನ ತೂಕ ಏರುತ್ತಿರಲಿ, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿರಲಿ. ಅತ್ತಾಗ ಮೊದಲು ಮೊಲೆ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಹೆಗಲು, ನಿಪ್ಪಲ್ ನಾಲ್ಕನೆಯದು. ಕೂಸು ಅಳುವುದಕ್ಕೆ ಮೊದಲೇ ಬಾಯಿ ತೆರೆದು ತಲೆ ತಿರುಗಿಸುತ್ತದೆ, ಮುಷ್ಟಿಯನ್ನು ಬಾಯಿಗೆ ತರುತ್ತದೆ. ಹಸಿವಿನ ಮೊದಲ ಮಾತು ಅದು, ಅಳು ಕೊನೆಯದು. ಬಾಯಲ್ಲಿ ನಿಪ್ಪಲ್ ಇದ್ದರೆ ಆ ಮೊದಲ ಮಾತು ಕಣ್ಣಿಗೆ ಬೀಳುವುದಿಲ್ಲ.

ಬಿಡಿಸುವ ಹೊತ್ತಿಗೆ ಮತ್ತೊಂದು ನಾಟಕ. ನಮ್ಮಲ್ಲಿ ಬೇವಿನ ರಸ ಹಚ್ಚುತ್ತಾರೆ. ಮೆಣಸಿನ ನೀರು ಹಚ್ಚುವ ನಿರ್ದಯಿಗಳೂ ಇದ್ದಾರೆ. ಎಲ್ಲಕ್ಕಿಂತ ಹೆಚ್ಚು ಪ್ರಚಾರದಲ್ಲಿರುವುದು ಕಾಗೆ: “ಕಾಗೆ ಬಂತು, ಎತ್ತಿಕೊಂಡು ಹೋಯಿತು!” ಮಗು ಆಕಾಶವನ್ನು ನೋಡಿ ಅಳುತ್ತದೆ, ಕಾಗೆ ಪಾಪ, ಸುಳ್ಳು ಆರೋಪವನ್ನು ಹೊರುತ್ತದೆ. ಡೆನ್ಮಾರ್ಕಿನವರು ಬೇರೊಂದು ದಾರಿ ಹಿಡಿದಿದ್ದಾರೆ. ಕೋಪನ್‌ಹೇಗನ್ನಿನ ಫ್ರೆಡರಿಕ್ಸ್‌ಬರ್ಗ್ ಉದ್ಯಾನದಲ್ಲಿ ನಿಪ್ಪಲುಗಳ ಮರವೊಂದಿದೆ. ಬಿಡುವ ವಯಸ್ಸಾದಾಗ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಮಗು ತನ್ನ ನಿಪ್ಪಲನ್ನು ತಾನೇ ಬಣ್ಣದ ರಿಬ್ಬನ್ನಿನಲ್ಲಿ ಕೊಂಬೆಗೆ ಕಟ್ಟುತ್ತದೆ. ಕೆಲವರು ಜೊತೆಗೊಂದು ಓಲೆಯನ್ನೂ ಕಟ್ಟುತ್ತಾರೆ. ಎಲೆಯುದುರಿದ ಕಾಲದಲ್ಲಿ ಆ ಮರದ ತುಂಬ ಕೆಂಪು, ಹಸುರು, ನೀಲಿ ನಿಪ್ಪಲುಗಳು ಗಾಳಿಗೆ ತೂಗಾಡುತ್ತಿರುತ್ತವೆ. ತನ್ನದು ಎಲ್ಲಿದೆ ಎಂದು ನೋಡಬೇಕೆನಿಸಿದಾಗ ಮಗು ಮತ್ತೆ ಅಲ್ಲಿಗೆ ಹೋಗಿ ನೋಡಿ ಬರಬಹುದು.